ತಳದಿಂದ ಒಂದು ಗೇಣು

ಫೆಬ್ರವರಿ ೧೧

ಮರೀ,

ಈ ಕಾಗದ ನಿನಗೆ ಸೇರುತ್ತದೋ ಇಲ್ಲವೋ ಎಂದು ಬರೆಯುವ ಮೊದಲೇ ಚಿಂತೆ. ಲಕೋಟೆಯ ಮೇಲೆ ನಿನ್ನ ಹೊಸ ಮನೆಯ ನಂಬರನ್ನು ಮೂರು ಸಲ ತಾಳೆ ನೋಡಿದ್ದೇನೆ. ಫೋನ್ ಮಾಡು ಮಾವ ಅನ್ನುತ್ತೀಯ. ಫೋನಿನಲ್ಲಿ ನಾನು ಹೇಳಬೇಕಾದ್ದನ್ನು ಬಿಟ್ಟು, ಊಟ ಆಯ್ತಾ, ಆಯ್ತು, ಎಂದು ಇಟ್ಟುಬಿಡುತ್ತೇನೆ. ಕಾಗದವಾದರೆ ಹೊಡೆದುಹಾಕಿ ಮತ್ತೆ ಬರೆಯಬಹುದು.

ಕೆಲಸ ಎಂದಿನಂತೆ. ವಾರಕ್ಕೆರಡು ದಿನ ಅಳತೆಯ ದೋಣಿ ಹೊರಡುತ್ತದೆ. ಚುಕ್ಕಾಣಿ ಹಿಡಿಯುವವನು ಅದೇ ತೂಕಡಿ. ಕಣ್ಣು ಮುಚ್ಚಿಕೊಂಡೇ ನಾಲ್ಕೂ ಗುರುತಿಗೆ ಕರೆದೊಯ್ಯುತ್ತಾನೆ. ಬೈದರೆ, "ನಿದ್ದೆ ಅಲ್ಲಣ್ಣಾ, ಅಲೆ ಕೇಳಿಸ್ಕೊಳ್ತಿದೀನಿ" ಅನ್ನುತ್ತಾನೆ. ಪ್ರತಿ ಗುರುತಿನಲ್ಲೂ ಮೂರು ಬಾಟಲಿ, ಮೇಲಿನದು, ನಡುವಿನದು, ತಳದ್ದು. ಹಗ್ಗದಲ್ಲಿ ಇಳಿಸಬೇಕು, ಹಗ್ಗದ ಗುಂಟ ಕಬ್ಬಿಣದ ಗುಂಡು ಜಾರಿಸಬೇಕು, ಗುಂಡು ತಾಗಿದ ಕೂಡಲೇ ಬಾಟಲಿಯ ಎರಡೂ ಬಾಯಿ ಮುಚ್ಚಿಕೊಳ್ಳುತ್ತವೆ. ಎಳೆದು, ಚೀಟಿ ಅಂಟಿಸಿ, ಪೆಟ್ಟಿಗೆಗೆ. ಒಂಬತ್ತು ವರ್ಷದಿಂದ ಇದೇ. ಆ ಬಾಟಲಿಗಳಲ್ಲಿದ್ದ ಮರಳಿನ ತೂಕವೇ ಕೊನೆಗೆ ನಿನ್ನ ಮೇಜಿಗೆ ಬರುತ್ತದೆ ಎಂದು ನೀನು ಹೇಳಿದ ದಿನದಿಂದ ಚೀಟಿಯನ್ನು ಎರಡೆರಡು ಸಲ ಒತ್ತುತ್ತೇನೆ.

ಈಗ ವಿಷಯ. ಬಂದರಿನ ಬಾಯಿಗೆ ಕಟ್ಟುತ್ತಿರುವ ಕಲ್ಲಿನ ಗೋಡೆ ಅರ್ಧ ಮುಗಿದಿದೆ. ಅದರ ಆಚೆ ಪಕ್ಕಕ್ಕೇ ನಿಮ್ಮಮ್ಮನ ಓಣಿ. ಹೆದರಿಕೆ ಇರುವವರಿಗೆ ಗುಡ್ಡದ ಮೇಲಿನ ಹೊಸ ಕಟ್ಟಡದಲ್ಲಿ ಮನೆ ಕೊಡುತ್ತಾರಂತೆ. ಏಪ್ರಿಲ್ ಮೂವತ್ತರೊಳಗೆ ಸಹಿ ಹಾಕಬೇಕು. ಆಮೇಲೆ ಬಂದವರಿಗೆ ಇಲ್ಲ. ಓಣಿಯ ಹನ್ನೊಂದು ಮನೆಯವರೂ ಏನು ಮಾಡುವುದು ಎಂದು ಕೂತಿದ್ದಾರೆ. ನಿಮ್ಮಮ್ಮನಿಗೆ ನಾಲ್ಕನೇ ಮಹಡಿಗೆ ಹೊಲಿಗೆ ಮೆಷೀನು ಹೊತ್ತುಕೊಂಡು ಹೋಗುವುದೆಂದರೆ ಆಗದು. ಅಲ್ಲಿಗೆ ಅಳತೆ ಕೊಡಲು ಯಾರು ಹತ್ತಿ ಬರುತ್ತಾರೆ?

ಓಣಿ ಉಳಿಯುತ್ತದೋ ಇಲ್ಲವೋ, ನಿನ್ನ ಲೆಕ್ಕದಲ್ಲಿ ಗೊತ್ತಾಗುತ್ತದೆಯಲ್ಲವೇ? ನಾನು ಕೇಳಿದೆ ಎಂದಷ್ಟೇ ತಿಳಿ.

ನಿನ್ನ ಮಾವ

*

ಫೆಬ್ರವರಿ ೨೫

ಮಾವ,

ಕಾಗದ ಸೇರಿತು. ಮನೆ ನಂಬರನ್ನು ಲಕೋಟೆಯ ಎರಡೂ ಬದಿಗೆ ಬರೆದಿದ್ದೀಯ. ಅಂಚೆಯವನು "ಯಾವುದಕ್ಕೆ ಕೊಡ್ಲಿ ಮೇಡಂ, ಇದಕ್ಕೋ ಅದಕ್ಕೋ" ಎಂದ.

ನಾನು ಮಾಡುವುದು ಇಷ್ಟೆ. ಕಂಪ್ಯೂಟರಿನೊಳಗೆ ನಿಮ್ಮ ಬಂದರಿನ ಸಮುದ್ರದಂಥದೇ ಒಂದು ಸಮುದ್ರವನ್ನು ಲೆಕ್ಕದಲ್ಲಿ ಕಟ್ಟಿಕೊಂಡಿದ್ದೇನೆ. ಅದಕ್ಕೆ ಕೆಲವು ತಿರುಪುಗಳಿವೆ. ಮರಳಿನ ಕಾಳು ಎಷ್ಟು ದಪ್ಪ, ಎಷ್ಟು ಸೆಳೆತಕ್ಕೆ ತಳ ಬಿಟ್ಟು ಏಳುತ್ತದೆ, ಎಷ್ಟು ಬೇಗ ಇಳಿಯುತ್ತದೆ, ಹೀಗೆ. ನನ್ನ ಸಮುದ್ರದ ಮರಳು ನಿನ್ನ ಬಾಟಲಿಯ ಮರಳಿಗೆ ಸಮ ಬರುವವರೆಗೂ ಆ ತಿರುಪುಗಳನ್ನು ತಿರುಗಿಸುತ್ತಿರಬೇಕು. ಸಮ ಬಂತೋ, ಆಮೇಲೆ ಅದರಲ್ಲಿ ಗೋಡೆ ಇಟ್ಟು ಹತ್ತು ವರ್ಷ ಓಡಿಸಿ ನೋಡಬಹುದು. ಅಂದರೆ ನನ್ನ ಸಮುದ್ರಕ್ಕೆ ಸತ್ಯ ಹೇಳಿಕೊಡುವುದು ನಿನ್ನ ಬಾಟಲಿ.

ನಿಮ್ಮ ದಂಡೆ ಈಗ ನಿಂತಿರುವುದು ಮರಳು ಅಲುಗದೆ ಇರುವುದರಿಂದಲ್ಲ. ಒಂದು ಕಡೆಯಿಂದ ಬಂದಷ್ಟೇ ಇನ್ನೊಂದು ಕಡೆ ಹೋಗುತ್ತಿದೆ. ಗೋಡೆ ಎದ್ದರೆ ಬರುವುದು ನಿಲ್ಲುತ್ತದೆ, ಹೋಗುವುದು ನಿಲ್ಲುವುದಿಲ್ಲ. ಎಷ್ಟು ಹೋಗುತ್ತಿದೆ ಎಂಬುದೇ ಪ್ರಶ್ನೆ. ಕಡಿಮೆಯಾದರೆ ಓಣಿ ಉಳಿಯುತ್ತದೆ, ಹೆಚ್ಚಾದರೆ ಇಲ್ಲ. ಮಾರ್ಚ್ ಕೊನೆಗೆ ಹೇಳುತ್ತೇನೆ.

ನಾನು ಕೇಳಿದೆ ಎಂದಷ್ಟೇ ತಿಳಿ ಎಂದು ಬರೆದಿದ್ದೀಯ. ಹಾಗೇ ತಿಳಿದಿದ್ದೇನೆ.

ಮರಿ

*

ಮಾರ್ಚ್ ೯

ಮರೀ,

ನಿನ್ನ ಕಾಗದವನ್ನು ನಿಮ್ಮ ಮನೆ ಮುಂದಿನ ಹೊಲಿಗೆ ಅಂಗಡಿಗೆ ತೆಗೆದುಕೊಂಡು ಹೋದೆ. ತಪ್ಪಾಯಿತೋ ಏನೋ. ನಿಮ್ಮಮ್ಮ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ನನ್ನಷ್ಟಕ್ಕೆ ಓದಿಕೊಳ್ಳುವವನ ಹಾಗೆ ಜೋರಾಗಿ ಓದಿದೆ. ತಿರುಪಿನ ಮಾತು ಬಂದಾಗ ಕತ್ತರಿ ನಿಂತಿತು.

"ಅಷ್ಟು ದೊಡ್ಡ ಸಮುದ್ರಕ್ಕೆ ಅಳತೆ ಕೊಡೋನು ನೀನಾ?" ಅಂದಳು. "ನಿನ್ನ ಕೈಲಿ ಒಂದು ಪರದೆ ಅಳತೆ ತರಿಸಿದ್ರೆ ಮೂರು ಸಲ ಹೋಗಿ ಬರ್ತೀಯಲ್ಲೋ."

ಮೂರು ಸಲ ಹೋಗುವುದರಿಂದಲೇ ಸರಿ ಬರುವುದು ಅಂದೆ. ನಕ್ಕಳು ಕಣೇ. ಕೊನೆಗೆ, "ಅವಳು ಏನು ಹೇಳ್ತಾಳೋ ಹಾಗೆ ಮಾಡೋಣ" ಅಂದಳು. ಅವಳು ಅಂದರೆ ನೀನು. ನಿನ್ನನ್ನು ಅವಳು ಅನ್ನದೆ ಎಷ್ಟು ವರ್ಷ ಆಗಿತ್ತು! ಭಾವ ತೀರಿಕೊಂಡ ವಾರದ ಮಾತನ್ನು ನಾನು ತೆಗೆಯುವುದಿಲ್ಲ. ನಿನ್ನ ಪರೀಕ್ಷೆ ಕೆಡಬಾರದೆಂದು ಅವಳು ಹೇಳಲಿಲ್ಲ, ಅವಳಿಗೆ ಹೆದರಿ ನಾನೂ ಹೇಳಲಿಲ್ಲ, ನೀನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೀನು ನನ್ನನ್ನು ಕ್ಷಮಿಸಿದೆ. ನಾನು ಅತ್ತುಬಿಟ್ಟೆ, ಅದಕ್ಕೆ. ಅವಳಿಗೆ ಅಳಲು ಬರುವುದಿಲ್ಲ.

ನೋಡು, ತೆಗೆಯುವುದಿಲ್ಲ ಎಂದು ತೆಗೆದೇಬಿಟ್ಟೆ.

ನಿನ್ನ ಮಾವ

*

ಮಾರ್ಚ್ ೩೦

ಮಾವ,

ವರದಿ ಇವತ್ತು ಹೋಯಿತು. ಹತ್ತು ವರ್ಷಕ್ಕೆ ನಾಲ್ಕು ಹೆಜ್ಜೆ. ಓಣಿಯ ಮುಂದೆ ಮೂವತ್ತು ಹೆಜ್ಜೆ ದಂಡೆ ಇದೆಯಲ್ಲ, ಅದರಲ್ಲಿ ನಾಲ್ಕು ಹೋಗುತ್ತದೆ, ಅಷ್ಟೆ. ಅಮ್ಮನಿಗೆ ಹೇಳಬಹುದು.

ಒಂದು ಮಾತು ಮಾತ್ರ ನನಗೆ ಚುಚ್ಚುತ್ತಿದೆ. ನಿನ್ನ ತಳದ ಬಾಟಲಿಗೆ ಸಮ ಬರಿಸಲು ಕಾಳಿನ ತಿರುಪನ್ನು ತುಂಬ ದೂರ ತಿರುಗಿಸಬೇಕಾಯಿತು. ಅಲ್ಲಿನ ಮರಳು ಪುಡಿ ಉಪ್ಪಿನಷ್ಟು ಸಣ್ಣ, ನಮಗೆಲ್ಲ ಗೊತ್ತು. ಸಾಸಿವೆಯಷ್ಟು ದಪ್ಪ ಎಂದು ಸುಳ್ಳು ಹೇಳಿದರೆ ಮಾತ್ರ ನನ್ನ ಸಮುದ್ರ ನಿನ್ನ ಬಾಟಲಿಗೆ ಒಪ್ಪುತ್ತದೆ. ನಮ್ಮ ಕಚೇರಿಯ ಹಿರಿಯರನ್ನು ಕೇಳಿದೆ. "ಒಂಬತ್ತು ವರ್ಷದ ಅಳತೆ ಇದೆ, ಒಪ್ಪಿದೆ, ಸಹಿ ಹಾಕಮ್ಮ" ಎಂದರು. ಹಾಕಿದೆ.

ಆದರೂ ಕೇಳುತ್ತೇನೆ. ತಳದ ಬಾಟಲಿಯನ್ನು ನೀನು ತಳದಿಂದ ಒಂದು ಗೇಣು ಮೇಲೆ ನಿಲ್ಲಿಸುತ್ತೀಯ ತಾನೇ? ಮರಳು ಓಡುವುದೆಲ್ಲ ಅಲ್ಲೇ. ಅದಕ್ಕಿಂತ ಮೇಲೆ ಹೋದಷ್ಟೂ ನೀರು ತಿಳಿ.

ಮರಿ

*

ಏಪ್ರಿಲ್ ೬

ಮರೀ,

ನಿಮ್ಮಮ್ಮನಿಗೆ ಹೇಳಿದೆ. ನಾಲ್ಕು ಹೆಜ್ಜೆ ಎಂದು ಕೇಳಿದ ಕೂಡಲೇ ಎದ್ದು, ದಂಡೆಗೆ ಹೋಗಿ, ನಾಲ್ಕು ಹೆಜ್ಜೆ ಹಾಕಿ ನೋಡಿ ಬಂದಳು. ಆಮೇಲೆ ಕೊರಳಿನಲ್ಲಿ ಅಳತೆಯ ಟೇಪು ಇದ್ದ ಹಾಗೇ ಹತ್ತೂ ಮನೆಗೆ ಹೋದಳು. "ನನ್ನ ಮಗಳು ಹಾಕಿದ ಲೆಕ್ಕ. ಅಲ್ಲಾಡಬೇಡಿ." ಬಡಗಿಯ ಹೆಂಡತಿ ಸಹಿ ಹಾಕಲು ಚಪ್ಪಲಿ ಮೆಟ್ಟಿದ್ದವಳು ಮತ್ತೆ ಬಿಚ್ಚಿದಳು.

ಬಾಟಲಿ ವಿಷಯ. ಅವರು ಹೇಳಿಕೊಟ್ಟ ಹಾಗೇ ಬಿಡುತ್ತಿದ್ದೇನೆ. ಪುಸ್ತಕದಲ್ಲಿ ಟಿಕ್ ಇದೆ, ನೋಡಬಹುದು.

ಇಲ್ಲಿ ಗಾಳಿ ಜೋರು. ನಿನ್ನ ಕೋಣೆಯ ಕಿಟಕಿಗೆ ಚಿಲಕ ಸರಿ ಇದೆಯೇ?

ನಿನ್ನ ಮಾವ

*

ಮೇ ೧೪

ಮರೀ,

ಐದು ವಾರ ಬರೆಯಲಿಲ್ಲ. ನೀನು ಎರಡು ಸಲ ಫೋನ್ ಮಾಡಿದಾಗಲೂ ದೋಣಿಯಲ್ಲಿದ್ದೇನೆ ಎಂದು ಇಟ್ಟುಬಿಟ್ಟೆ. ದೋಣಿಯಲ್ಲಿರಲಿಲ್ಲ. ಮಂಚದ ಮೇಲೆ ಕೂತಿದ್ದೆ.

ನೀನು ಕೇಳಿದ್ದಕ್ಕೆ ಉತ್ತರ ಈಗ ಬರೆಯುತ್ತೇನೆ. ಹೊಡೆದುಹಾಕುವುದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರ ತಳದ ಬಾಟಲಿ ನನ್ನ ಕೈ ತಪ್ಪಿ ತಳಕ್ಕೇ ಬಡಿಯಿತು. ಕೆಸರು ಕದಡಿ ಬಾಟಲಿ ತುಂಬ ರಾಡಿ ಬಂತು. ಆಗಿದ್ದ ಸಾಹೇಬರು ಎಲ್ಲರೆದುರು ಅದನ್ನು ಎತ್ತಿ ಹಿಡಿದು, "ಇದು ನೀರೋ, ಗೋಡೆಗೆ ಮೆತ್ತೋ ಗಾರೆಯೋ? ಇನ್ನೊಂದು ಸಲ ತಳ ಮುಟ್ಟಿಸಿದ್ರೆ ನಾಳೆಯಿಂದ ಬರಬೇಡ" ಅಂದರು. ತೂಕಡಿ ಕೂಡ ಆ ದಿನ ಎಚ್ಚರವಾಗಿದ್ದ. ಅವತ್ತಿನಿಂದ ನನಗೆ ತಳ ಎಂದರೆ ಹೆದರಿಕೆ. ಅಲೆ ಬಂದು ದೋಣಿ ಇಳಿದರೆ ಬಾಟಲಿಯೂ ಇಳಿಯುತ್ತದಲ್ಲ, ಗೇಣು ಎಂದರೆ ಎಷ್ಟು ಮಹಾ? ಮುಟ್ಟಿಬಿಟ್ಟರೆ? ಹಾಗಾಗಿ ಒಂದು ಮಾರು ಮೇಲೆಯೇ ನಿಲ್ಲಿಸುತ್ತಿದ್ದೆ. ಎರಡೂ ಕೈ ಚಾಚಿದಷ್ಟು. ಒಂಬತ್ತು ವರ್ಷ. ಒಂದು ದಿನವೂ ತಳ ಮುಟ್ಟಿಸಲಿಲ್ಲ, ಒಂದು ಬಾಟಲಿಯೂ ವಾಪಸು ಬರಲಿಲ್ಲ, ನನ್ನಷ್ಟು ಜಾಗ್ರತೆಯವನು ಇಲ್ಲ ಎಂದು ಅಂದುಕೊಂಡಿದ್ದೆ. ಪುಸ್ತಕದಲ್ಲಿ 'ತಳದಿಂದ ಒಂದು ಗೇಣು' ಎಂದು ಮೊದಲೇ ಅಚ್ಚಾಗಿರುತ್ತದೆ. ನಾನು ಟಿಕ್ ಹಾಕುವುದಷ್ಟೆ.

ನಿನ್ನ ಮಾರ್ಚ್ ಕಾಗದದ ಮೊದಲ ಸಾಲು ಓದಿದವನೇ ಓಡಿ ಅವಳಿಗೆ ನಾಲ್ಕು ಹೆಜ್ಜೆ ಎಂದು ಹೇಳಿ ಬಂದೆ, ಉಳಿದದ್ದನ್ನು ಓದಿದಾಗ ಗೊತ್ತಾಯಿತು. ಅದನ್ನು ಹೇಳಲೆಂದೇ ಮತ್ತೆ ಅಂಗಡಿಗೆ ಹೋದೆ. ಅವಳು ಹತ್ತೂ ಮನೆಗೆ ಹೋಗಿ ಬಂದು ಕೂತಿದ್ದಳು. ಆ ಮುಖ ನೋಡಿ, ಟೀ ಕುಡಿದು ಎದ್ದು ಬಂದೆ. ನಾಳೆ ಎಂದುಕೊಂಡೆ. ಏಪ್ರಿಲ್ ಮೂವತ್ತು ಕೂಡ ಹಾಗೇ ಇನ್ನೊಂದು ನಾಳೆಯಾಗಿ ಬಂದು ಹೋಯಿತು. ಗುಡ್ಡದ ಮನೆಗಳನ್ನು ಬೇರೆಯವರಿಗೆ ಕೊಟ್ಟಾಯಿತು.

ಬೈಯಿ. ನೀನು ಬೈದು ಬರೆಯುವವರೆಗೂ ನನಗೆ ಅನ್ನ ಇಳಿಯುವುದಿಲ್ಲ.

ಮಾವ

*

ಮೇ ೨೨

ಮಾವ,

ತಳದ ಬಾಟಲಿಗಳ ಎತ್ತರವನ್ನು ಗೇಣಿನ ಬದಲು ಮಾರು ಎಂದು ಹಾಕಿ ಮತ್ತೆ ಹೊಂದಿಸಿದೆ. ಕಾಳಿನ ತಿರುಪು ತಾನಾಗಿ ಪುಡಿ ಉಪ್ಪಿಗೆ ಬಂದು ನಿಂತಿತು. ಎಲ್ಲಿಯೂ ಸುಳ್ಳು ಹೇಳಬೇಕಾಗಲಿಲ್ಲ. ಇಷ್ಟು ಚೆನ್ನಾಗಿ ಒಪ್ಪಿದ್ದನ್ನು ನಾನು ಈ ಕೆಲಸದಲ್ಲಿ ನೋಡಿಯೇ ಇಲ್ಲ.

ಸಣ್ಣ ಕಾಳು ಬೇಗ ಏಳುತ್ತದೆ, ಹೆಚ್ಚು ದೂರ ಹೋಗುತ್ತದೆ. ಓಣಿ ಪೂರ್ತಿ ಹೋಗುತ್ತದೆ. ಎರಡು ಬಿರುಗಾಳಿ ಕಾಲ, ಹೆಚ್ಚೆಂದರೆ ಮೂರು. ತಿದ್ದಿದ ವರದಿ ಕೊಟ್ಟಿದ್ದೇನೆ. ಗೋಡೆ ನಿಲ್ಲಿಸುವುದಿಲ್ಲವಂತೆ. ಮನೆಗಳ ಬಗ್ಗೆ 'ಪರಿಶೀಲಿಸುತ್ತೇವೆ' ಎಂದು ಒಂದು ಸಾಲು ಬಂದಿದೆ.

ಬೈಯಲು ಕೂತೆ, ಆಗಲಿಲ್ಲ. ಅಪ್ಪನ ಸಲವೂ ನಿನಗೆ ಗೊತ್ತಿತ್ತು, ಈ ಸಲವೂ ಗೊತ್ತಿತ್ತು.

ಜೂನ್ ಎರಡನೇ ಭಾನುವಾರ ಬರುತ್ತೇನೆ. ಅಮ್ಮನಿಗೆ ನಾನೇ ಹೇಳುತ್ತೇನೆ. ನೀನೂ ಅಲ್ಲಿರು.

ಮರಿ

*

ಜೂನ್ ೨೦

ಮರೀ,

ನೀನು ಹೋಗಿ ವಾರ ಕಳೆಯಿತು. ಆ ದಿನದ್ದನ್ನು ತಲೆಯಲ್ಲಿ ಓಡಿಸುತ್ತಲೇ ಇದ್ದೇನೆ.

ಆರು ವರ್ಷದ ಮೇಲೆ ಮಗಳು ಬಾಗಿಲಿಗೆ ಬಂದರೆ ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಹೇಳಿದ್ದು, "ಆ ಸ್ಟೂಲಿನ ಕಾಲು ಸರಿ ಇಲ್ಲ, ಈ ಕಡೆ ಕೂತ್ಕೋ." ನೀನು ಕೂತೆ. ಅಷ್ಟು ಹೊತ್ತು ನನಗೆ ಎಲ್ಲ ಸರಿಹೋದೀತು ಅನ್ನಿಸಿತ್ತು.

"ಅಮ್ಮಾ, ಆ ಲೆಕ್ಕ ತಪ್ಪು. ನಾಲ್ಕು ಹೆಜ್ಜೆ ಅಲ್ಲ. ಓಣಿ ಉಳಿಯಲ್ಲ" ಅಂದೆ ನೀನು.

"ಯಾರ ತಪ್ಪು?" ಅಂದಳು.

ನಾನು ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದೆ. ನೀನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆನೋ ಏನೋ. ಇಲ್ಲ, ಅದೂ ಸುಳ್ಳು.

"ನಂದು. ಸಹಿ ನಂದು" ಅಂದೆ ನೀನು.

"ಹತ್ತು ಮನೆಗೆ ಹೋಗಿ ಹೇಳಿದೀನಲ್ಲೇ. ನನ್ನ ಮಗಳು, ನನ್ನ ಮಗಳು ಅಂತ."

"ಗೊತ್ತು."

"ಏನು ಗೊತ್ತು ನಿನಗೆ? ಸಮುದ್ರ ಗೊತ್ತು. ಹೋಗು, ಅದನ್ನೇ ನೋಡ್ಕೋ ಹೋಗು."

ನೀನು ಚೀಲ ಎತ್ತಿಕೊಂಡೆ. ಬಸ್ ನಿಲ್ದಾಣದವರೆಗೂ ನಾನು ನಿನ್ನ ಹಿಂದೆಯೇ ಬಂದೆ, ನಡುವೆ ಹತ್ತು ಹೆಜ್ಜೆ ಬಿಟ್ಟು. ನೀನೂ ತಿರುಗಲಿಲ್ಲ. ಆಮೇಲೆ ಅವಳು ಮತ್ತೆ ಹತ್ತೂ ಮನೆಗೆ ಹೋದಳಂತೆ, ಒಬ್ಬಳೇ. ಬಡಗಿಯ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡಳಂತೆ.

ಯಾಕೆ ನಿನ್ನ ಮೇಲೆ ಹಾಕಿಕೊಂಡೆ?

ಮಾವ

*

ಜುಲೈ ೪

ಮಾವ,

ಸಾಸಿವೆ ಅಲ್ಲ ಎಂದು ಗೊತ್ತಿದ್ದೂ ಸಾಸಿವೆ ಎಂದು ಸಹಿ ಹಾಕಿದವಳು ನಾನು. ನನ್ನ ಪಾಲನ್ನು ನಾನು ಹೇಳಿದೆ. ನಿನ್ನ ಪಾಲು ನಿನ್ನ ಹತ್ತಿರವೇ ಇದೆ. ಅದನ್ನು ನಾನು ಹೇಳಿ ಮುಗಿಸುವ ಹಾಗಿದ್ದರೆ ಆರು ವರ್ಷದ ಹಿಂದೆ ಅಪ್ಪನ ಸುದ್ದಿ ಮುಚ್ಚಿಟ್ಟು ನೀನೂ ಅಮ್ಮನೂ ನನ್ನ ಪರವಾಗಿ ಮಾಡಿದ್ದನ್ನೇ ಮಾಡಿದ ಹಾಗೆ.

ಸದ್ಯ ಬರೆಯಬೇಡ. ಅಳತೆಯ ಪುಸ್ತಕ ಮಾತ್ರ ಕಳಿಸುತ್ತಿರು.

ಮರಿ

*

ಅಕ್ಟೋಬರ್ ೧೭

ಮರೀ,

ಬರೆಯಬೇಡ ಅಂದಿದ್ದೀಯ. ಇದೊಂದು ಬರೆಯಲೇಬೇಕು. ಮೊನ್ನೆಯ ಗಾಳಿಗೆ ಓಣಿಯ ಮೊದಲ ಎರಡು ಮನೆ ಹೋದವು. ಜನಕ್ಕೆ ಏನೂ ಆಗಲಿಲ್ಲ. ಬಡಗಿ ತನ್ನ ಬಾಗಿಲನ್ನು ಚೌಕಟ್ಟಿನ ಸಮೇತ ಬಿಚ್ಚಿ ಹೊತ್ತುಕೊಂಡು ಹೋದ. ನಿಮ್ಮಮ್ಮನ ಮನೆ ಆರನೆಯದು. ಬಾ ಅಂದರೆ ಬರುವುದಿಲ್ಲ. "ಹೇಳಿದೋಳು ನಾನು, ಕೊನೆಗೆ ಹೊರಡೋಳೂ ನಾನೇ" ಅನ್ನುತ್ತಾಳೆ.

ತಳದ ಬಾಟಲಿಯನ್ನು ಈಗ ಗೇಣಿಗೇ ಬಿಡುತ್ತಿದ್ದೇನೆ.

ಮಾವ

*

ಮರುವರ್ಷ, ಆಗಸ್ಟ್ ೨೯

ಮರೀ,

ನಿನ್ನಿಂದ ಕಾಗದ ಬರಲಿ ಎಂದು ಬರೆಯುತ್ತಿಲ್ಲ. ನಿಮ್ಮಮ್ಮನ ಮನೆ ಮಂಗಳವಾರ ಹೋಯಿತು. ಕೊನೆಗೆ ಹೊರಟವಳು ಅವಳೇ. ಮೆಷೀನನ್ನು ತೂಕಡಿಯೂ ನಾನೂ ಹೊತ್ತು ನನ್ನ ಕೋಣೆಗೆ ತಂದೆವು. ಈಗ ಅವಳು ಮಂಚದ ಮೇಲೆ, ನಾನು ಕೆಳಗೆ. ಹೊಲಿಯಲು ಯಾರೂ ಏನೂ ತರುವುದಿಲ್ಲ. ಓಣಿಯ ಹೆಂಗಸರು ಅಂಗಡಿ ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಾರೆ. ಅವಳು ಮನೆಗೆ ಬಂದು ನನ್ನ ಅಂಗಿಗಳ ಗುಂಡಿ ಕಿತ್ತು ಮತ್ತೆ ಹೊಲಿಯುತ್ತಾಳೆ.

ನಿನ್ನ ಹೆಸರು ಎತ್ತುವುದಿಲ್ಲ. ಒಂದೇ ಸಲ, ಬಟ್ಟಲು ತೊಳೆಯುತ್ತಾ, "ಅಷ್ಟು ಓದಿದೋಳು ಹೇಗೆ ತಪ್ಪಿದಳೋ" ಅಂದಳು. ನಾನು ಬಟ್ಟಲು ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

ಮಾವ

*

ಡಿಸೆಂಬರ್ ೩

ಮರೀ,

ಮೊನ್ನೆ ಅಳತೆಗೆ ಐದನೇ ಗುರುತು ಸೇರಿಸಿದರು. ಗೋಡೆಯ ಆಚೆ ಪಕ್ಕ. ತೂಕಡಿ ದೋಣಿ ನಿಲ್ಲಿಸಿ, ಕಣ್ಣು ಪೂರ್ತಿ ತೆರೆದು, "ಅಣ್ಣಾ, ಇದು ಓಣಿ" ಅಂದ. ಉಬ್ಬರವಿತ್ತು, ಒಂದೂವರೆ ಆಳು ನೀರು. ಮೇಲಿನ ಬಾಟಲಿ ತೆಗೆದೆ, ನಡುವಿನದು ತೆಗೆದೆ. ತಳದ್ದನ್ನು ಇಳಿಸಿ ಗೇಣಿಗೆ ನಿಲ್ಲಿಸಿದೆ. ಕೈಯಲ್ಲಿ ಗುಂಡು ಹಿಡಿದುಕೊಂಡು ಕೂತೆ. ಕೆಳಗೆ ಯಾರ ಮನೆಯ ಅಂಗಳವೋ ಗೊತ್ತಿಲ್ಲ.

"ಬಿಡೋಲ್ವಾ?" ಅಂದ.

ಬಿಟ್ಟೆ. ಬಾಟಲಿ ತುಂಬ ಮರಳು ಬಂತು. ಅಷ್ಟು ಮರಳನ್ನು ನನ್ನ ಬಾಟಲಿಯಲ್ಲಿ ಇದುವರೆಗೆ ನೋಡಿಲ್ಲ.

ಮನೆಗೆ ಹೋಗಿ ಕೈ ತೊಳೆಯದೆ ನಿಮ್ಮಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಸಾಹೇಬರು, ಗಾರೆ, ಒಂದು ಮಾರು, ನಿನ್ನ ಸಾಸಿವೆ ಕಾಗದ, ಐದು ವಾರ. ಆ ಭಾನುವಾರ ಇಸ್ತ್ರಿ ಮೇಜಿನ ಹತ್ತಿರ ನಾನು ನಿಂತಿದ್ದದ್ದು. ಬಾಗಿಲ ಕಡೆಯೇ ನೋಡುತ್ತಾ ಕೇಳಿಸಿಕೊಂಡಳು.

"ಅವಳು ನಂದು ಅಂದಾಗ ನೀನು ಅಲ್ಲೇ ಇದ್ದೆ" ಅಂದಳು.

"ಹೂಂ ಅಕ್ಕಾ."

"ಹೋಗು ಅಂದೆನಲ್ಲೋ ನಾನು ಅವಳಿಗೆ."

ಅಷ್ಟೆ. ಬೈಯಲಿಲ್ಲ. ಎರಡು ದಿನ ನನಗೆ ಬಡಿಸಿ, ತಾನು ಆಚೆ ಕೂತು ಉಂಡಳು. ಇವತ್ತು ಬೆಳಿಗ್ಗೆ, "ಅವಳ ವಿಳಾಸ ಬರೆದು ಕೊಡು, ದೊಡ್ಡದಾಗಿ" ಅಂದಳು. ನಾನೂ ಬರಲಾ ಅಂದೆ. "ಬೇಡ. ನಿನ್ನನ್ನ ನೋಡೋಕೆ ನನಗೆ ಇನ್ನೂ ಆಗಲ್ಲ" ಅಂದಳು. ಮೆಷೀನನ್ನು ಬಿಟ್ಟು ಹೋಗುತ್ತಿದ್ದಾಳೆ. ಯಾವಾಗ ಬೇಕಾದರೂ ತರಿಸಿಕೊಳ್ಳಬಹುದು, ಮೇಲೆ ಬಟ್ಟೆ ಮುಚ್ಚಿದ್ದೇನೆ.

ಅವಳು ಬಟ್ಟೆ ತುಂಬಿಕೊಳ್ಳುತ್ತಿರುವಾಗ ಇದನ್ನು ಬರೆಯುತ್ತಿದ್ದೇನೆ, ಅಂಚೆಗೆ ಹಾಕುವುದಿಲ್ಲ, ಅವಳ ಕೈಲೇ ಕೊಡುತ್ತೇನೆ. ನೀನು ಇದನ್ನು ಓದುವಾಗ ನಿನ್ನೆದುರು ಬಾಗಿಲಲ್ಲೇ ನಿಂತಿರುತ್ತಾಳೆ. ಒಳಗೆ ಬಾ ಅನ್ನದೆ ಬರುವವಳಲ್ಲ, ಕೇಳುವವಳೂ ಅಲ್ಲ. ಕಾಗದ ಇಲ್ಲಿಗೆ ಸಾಕು. ಚೀಲ ಭಾರ ಇದೆ, ಮೊದಲು ಅದನ್ನು ಇಳಿಸಿಕೊ.

ಮಾವ